ನಿನ್ನೆಯ ಊಟ

"ನಿನ್ನೆ ಬೆಳಗಿಂದ ಏನೇನು ತಿಂದೆ?"
ದಿಂಡೋರಿಯ ಕಾಡಂಚು. ಏಳು ತಿಂಗಳ ಬೈಗಾ ಬಸುರಿ ಇತ್ವಾರಿನ್
ಹಾರಕ ಕೇರುತ್ತಲೇ ಅಂದಳು: ಪೇಜ್.
ಮಧ್ಯಾಹ್ನ? ಪೇಜ್.
ರಾತ್ರಿ? ನಕ್ಕಳು.
ಗಂಡ, ಮಾವ, ಮಕ್ಕಳು ಉಂಡ ಮೇಲೆ
ಗಡಿಗೆಯ ತಳ ಕೆರೆದರೆ ಸದ್ದು ಬರುತ್ತದಲ್ಲ,
ಅದು.

ಸದ್ದಿಗೆ ನನ್ನ ಫಾರಮ್ಮಿನಲ್ಲಿ ಕಾಲಂ ಇಲ್ಲ.
'ಗಂಜಿ, ಎರಡು ಬಟ್ಟಲು' ಅಂತ ಬರೆದೆ.

ಹಣ್ಣು? ಇಲ್ಲ. ಸೊಪ್ಪು? ಇಲ್ಲ.
ಅತ್ತೆ ತಡೆಯದೆ ಗದರಿದಳು:
ಮತ್ತೆ ಸೌದೆಗೆ ಹೋದವಳು ಚಾರ್ ಹಣ್ಣು ತಿಂದು
ನಾಲಿಗೆ ಕಪ್ಪು ಮಾಡಿಕೊಂಡು ಬಂದಿದ್ದು?
ಕಂಚುವಾಳದ ಚಿಗುರು ನಡೆಯುತ್ತಲೇ ಮೆದ್ದಿದ್ದು?

ಅದೇನು ಊಟವೇ, ಅಂದಳು ಇತ್ವಾರಿನ್,
ಅದು ದಾರಿ.

ದಾರಿ ಮೊದಲು ಉದ್ದವಿತ್ತು, ಅಂದಳು ಮುದುಕಿ.
ಈಗ ಹಳ್ಳ ದಾಟಿದರೆ ತಂತಿಬೇಲಿ,
ಬೇಲಿಯಾಚೆ ಬರೀ ಸಾಗುವಾನಿ.
ಸಾಗುವಾನಿಯನ್ನು ಮೇಕೆ ಕೂಡ ಮೂಸುವುದಿಲ್ಲ.

ಕಬ್ಬಿಣದ ಮಾತ್ರೆ ಮೂವತ್ತು ಎಣಿಸಿ ಕೊಟ್ಟೆ.
ಊಟವಾದ ಮೇಲೆ ನುಂಗು, ಅಂದೆ.
ಯಾವ ಊಟ ಎಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ;
ದೊನ್ನೆ ತುಂಬಿ ನನ್ನ ಮುಂದೆ ಹಿಡಿದಳು:
ಬಿಸಿಲಲ್ಲಿ ಬಂದಿದ್ದೀಯ, ಕುಡಿ.

ಹುಳಿ, ತಂಪು. ಗಟಗಟ ಕುಡಿದೆ.
ನಾಳೆ ಇನ್ಯಾರಾದರೂ ಬಂದು ಕೇಳಿದರೆ
ಅವಳ ನಿನ್ನೆಯಲ್ಲಿ
ಒಂದು ದೊನ್ನೆ ಕಮ್ಮಿ.