ಕಬ್ಬಿಣದ ಲೆಕ್ಕದಲ್ಲಿ

ಕುಕ್ ಟೌನಿನ ಆ ಮನೆ ಕೆಡವುವ ವಾರ
ನೊರೀನ್ ರೊಝಾರಿಯೋ ಅದನ್ನು ಕಬ್ಬಿಣದ ಲೆಕ್ಕದಲ್ಲಿ ತೂಗಿಸಿ ಕೊಟ್ಟಳು:
ಉದ್ದ ಹಿಡಿಯ ಪ್ರೆಸ್ಸು, ಹದಿನೆಂಟು ಕೇಜಿ,
ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಎಣ್ಣೆಬಟ್ಟೆ ಸುತ್ತಿದ ಏನೇನೋ.
"ಡ್ಯಾಡಿದು," ಎಂದಳು. "ಯಾವುದಕ್ಕೋ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ.
ಮೂವತ್ತೊಂದು ವರ್ಷ ರಾಜಾಜಿನಗರದ ಟೂಲ್‌ರೂಮಿನಲ್ಲಿ ಡೈ ಉಜ್ಜಿದವನಿಗೆ
ನಾಚಿಕೆಯಾಯಿತು.
ಸೋಡಾಬಾಟಲಿಗೆ ಮುಚ್ಚಳ ಒತ್ತುವುದೇ? ಅಷ್ಟಕ್ಕೆ ಇಷ್ಟು ಬಲ ಯಾಕೆ.
ಅಂಗಿಯ ಗುಂಡಿಗೋ? ಬಾಯಿ ಚಿಕ್ಕದು.
ಮಾತ್ರೆ ಮಾಡೋದು, ಎಂದ ಪಕ್ಕದ ಶೆಡ್ಡಿನ ಮುನಿಚಿನ್ನಪ್ಪ,
ಯಾರೋ ಪಂಡಿತರದ್ದಿರಬೇಕು, ಹಾಕಿಬಿಡಿ ಗುಜರಿಗೆ.

ತುಕ್ಕಿನ ಹತ್ತಿರ ಆತುರ ನಡೆಯುವುದಿಲ್ಲ.
ಸೀಮೆಎಣ್ಣೆಯಲ್ಲಿ ಮೂರು ರಾತ್ರಿ ನೆನೆಹಾಕಿದೆ.
ನಾಲ್ಕನೆಯ ದಿನ ಎದ್ದವು ಅಕ್ಷರ: ಅರ್ಧ ಹೆಸರು, ಒಂದು ನಂಬರು.
ಊರಿನ ಹೆಸರಿದ್ದ ಕಡೆ ಯಾರೋ ಅರ ಹಾಕಿದ್ದರು.
ಡೈಯ ಪಕ್ಕದಲ್ಲಿ ಕೂದಲು ತೂರುವಷ್ಟು ತೂತು,
ತಳದಲ್ಲಿ ಒಂದು ಪಿನ್ನು.
ಕರೆಂಟು ಹೋದಾಗ ಉಳಿಸಿದ್ದ ಮೇಣದಬತ್ತಿ ಕರಗಿಸಿ ಹೊಯ್ದೆ,
ಆರಲು ಬಿಟ್ಟು, ಟೀ ಕುಡಿದು ಬಂದು, ಪಿನ್ನು ತಟ್ಟಿದೆ.
ಹಾಲುಹಲ್ಲಿನ ಹಾಗೆ ಬೆಳ್ಳಗೆ ಅಂಗೈಗೆ ಬಿತ್ತು
ಗುಂಡು.

ರುಬ್ಬುವುದೂ ಗುಂಡೇ, ರಾತ್ರಿ ಹಾಕುವುದೂ ಗುಂಡೇ,
ಮಲ್ಲಿಗೆಯ ಹಿಂದೆ ಮುಂದೆ ಸುತ್ತುವ ಮಾತು.
ಆದರೂ ಎದ್ದು ಹೋಗಿ
ಶೆಡ್ಡಿನ ಬಾಗಿಲು ಹಾಕಿದೆ.

ಡಬ್ಬಿಯಲ್ಲಿ ಸೀಸದ ತಂತಿ, ಬೂದಿ ಬಣ್ಣಕ್ಕೆ ತಿರುಗಿದ್ದು.
ಪುಟ್ಟ ಕರಡಿಗೆಯ ಮುಚ್ಚಳ ತೆಗೆದರೆ ಕುರಿಯ ವಾಸನೆ,
ಉಣ್ಣೆಯ ಜಿಡ್ಡು.
ಒದ್ದೆ ಕಂಬಳಿ ಹೊದ್ದು ಚಳ್ಳಕೆರೆಯ ಸೋದರಮಾವ
ಸತ್ತು ಇಪ್ಪತ್ತು ವರ್ಷದ ಮೇಲೆ ಬಂದು ಸ್ಟೂಲಿನ ಮೇಲೆ ಕೂತ.
ಅವನೆದುರೇ ಸೀಸಕ್ಕೆ ಜಿಡ್ಡು ಸವರಿ, ಹಿಡಿ ಎಳೆದೆ.

ಬೆಂಕಿಯಿಲ್ಲ. ಸದ್ದಿಲ್ಲ. ಸೀಸ ತಣ್ಣಗೇ ಹರಿಯಿತು.
ಹೆಚ್ಚಾದದ್ದು ಆ ತೂತಿನಿಂದ ಒತ್ತುಶಾವಿಗೆಯ ಎಳೆಯಾಗಿ
ಇಣುಕಿ, ಬಾಗಿ, ನಿಂತಿತು.
ಈ ಡೈ ಮಾಡಿದವನ ಕೈ ನೋಡಬೇಕಿತ್ತು ನಾನು.
ಬರೀ ಕೈ.

ನಗರ್ತಪೇಟೆಯ ವಿರೂಪಾಚಾರಿ ತಕ್ಕಡಿಯಲ್ಲಿಟ್ಟು
ಇದು ಏನು ಎಂದು ಕೇಳಲಿಲ್ಲ, ಅವರ ಕಸುಬೇ ಅಂಥದು.
ಎಂಬತ್ತೈದು ಗುಲಗಂಜಿ, ಒಂದು ಕೂದಲೆಳೆ ಜಾಸ್ತಿ, ಎಂದರು.

ಡಬ್ಬಿಯ ತಳದಲ್ಲಿ ನೋಟುಪುಸ್ತಕವೂ ಇತ್ತು.
ಭಾನುವಾರ. ತೂಕ. ಭಾನುವಾರ. ತೂಕ.
ಕೂದಲೆಳೆ ತಪ್ಪಿದ್ದಕ್ಕೆಲ್ಲ ಡೆಸ್ಮಂಡರು ಅಡ್ಡಗೆರೆ ಎಳೆದು
ಪಕ್ಕದಲ್ಲಿ ಬರೆದಿದ್ದಾರೆ: ಮತ್ತೆ ಕರಗಿಸಿದೆ.
ಕೊನೆಯ ಪುಟ ತೊಂಬತ್ತನಾಲ್ಕರದು.
ಮೊದಲ ಪುಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟ ರಸೀತಿ:
ರಿವಾಲ್ವರು ಒಂದು, ಸ್ಟೇಷನ್ನಿಗೆ ಒಪ್ಪಿಸಿದ್ದು,
ಎಪ್ಪತ್ತೊಂಬತ್ತರ ಜೂನ್.
ಎರಡು ಸಲ ಓದಿದೆ ಇಸವಿಗಳನ್ನು.

ನೊರೀನಳ ಫೋನು ಬಂತು. "ಏನಂತ ಗೊತ್ತಾಯ್ತಾ ಅಂಕಲ್?"
ಗಾಳಕ್ಕೆ ಕಟ್ಟುವ ಸೀಸಮ್ಮ, ಎಂದೆ,
ಹಲಸೂರು ಕೆರೆಗೆ ಹೋಗುತ್ತಿದ್ದರೇನೋ ಮೀನಿಗೆ.
ಆ ಕಡೆ ಯಾವುದೋ ಬಸ್ಸು ಹಾರನ್ನು ಹೊಡೆದು ಮುಗಿಸುವವರೆಗೂ ಸುಮ್ಮನಿದ್ದಳು.
"ಮಮ್ಮಿಗೂ ಅದನ್ನೇ ಹೇಳ್ತಿದ್ರು.
ನಮ್ಮನೆಗೆ ಒಂದಿನಾನೂ ಮೀನು ಬರಲಿಲ್ಲ."

ಕೈಗೆ ಎರಡು ಸಲ ಸೋಪು ಹಾಕಿದೆ, ಸೀಸ ಒಳ್ಳೆಯದಲ್ಲ.
ಒರೆಸಿಕೊಂಡು, ಕನ್ನಡಕ ಹಾಕಿಕೊಂಡು,
ಪಂಚಿನ ತಿರುಪನ್ನು ಒಂದು ಕೂದಲೆಳೆ ಇಳಿಸಿದೆ.
ಹೊರಗೆ ಭಾನುವಾರ.
ಮುನಿಚಿನ್ನಪ್ಪ ಬಾಗಿಲು ತಟ್ಟುತ್ತಿದ್ದಾನೆ, ಒಳಗೆ ಏನ್ ಮಾಡ್ತಿದ್ದೀರಿ?
ಮಾತ್ರೆ, ಎಂದು ಕೂಗಿದೆ.