ಮುಚ್ಚಂಜಿ

ರಾಸ್ ಅಲ್ ಖೈಮಾದ ಕೋರ್ಟಿನಲ್ಲಿ ತಪ್ಪಿಗೆ ಮೂರು ಹೆಸರು:
ಮುಖಾಲಫಾ, ಜುನ್ಹಾ, ಜಿನಾಯಾ.
ಮೊದಲನೆಯದಕ್ಕೆ ದಂಡ ಕಟ್ಟಿ
ಊಟದ ಹೊತ್ತಿಗೆ ಮನೆ ಸೇರಬಹುದು.
ನಡುವಿನದು ತಿಂಗಳುಗಳನ್ನು ತಿನ್ನುತ್ತದೆ.
ಕೊನೆಯದನ್ನು ಓದುವಾಗ
ಗುಮಾಸ್ತ ಕೂಡ ಚಹಾದ ಲೋಟ ಕೆಳಗಿಡುತ್ತಾನೆ.

ಹನ್ನೊಂದು ವರ್ಷದಿಂದ ನಾನಿಲ್ಲಿ ದುಭಾಷಿ.
ಮದರಸಾದ ಅರಬಿ, ಭಟ್ಕಳದ ಶಾಲೆಯ ಕನ್ನಡ,
ಮನೆಯ ನವಾಯತಿ,
ಮೂರನ್ನೂ ಬೇರೆಬೇರೆ ಜೇಬಿನಲ್ಲಿಟ್ಟು ಬರುತ್ತೇನೆ.

ಆ ಬುಧವಾರ ಕಟಕಟೆಯಲ್ಲಿ ಯಮನೂರಪ್ಪ,
ಕುಷ್ಟಗಿ ಕಡೆಯವನು, ಸೆಂಟ್ರಿಂಗ್ ಕೆಲಸ.
ಕದ್ದದ್ದು ತಾಮ್ರದ ತಂತಿ, ಎರಡೂಕಾಲು ಕಿಲೋ.
ಅದನ್ನು ತೂಗಿ ಆಗಿತ್ತು.
ತಕ್ಕಡಿಗೆ ಸಿಗದ್ದು ಉಳಿದಿತ್ತು:
ಒಬ್ಬನೇ ಬಂದೆಯೋ, ಜೊತೆಗಾರನಿದ್ದನೋ?
ಬೇಲಿ ಹಾರಿದೆಯೋ, ಗೇಟು ತೆರೆದಿತ್ತೋ?
ಹಗಲೋ, ರಾತ್ರಿಯೋ?
ರಾತ್ರಿಯಾದರೆ ಅದೇ ತಂತಿ ಹೆಚ್ಚು ಭಾರ.

‘ಮುಚ್ಚಂಜಿ ಹೊತ್ತಿನ್ಯಾಗ ರೀ’ ಅಂದ.

ಮುಚ್ಚಂಜಿ.
ದೀಪ ಹಚ್ಚಿರುವುದಿಲ್ಲ, ಹಚ್ಚದೆ ನಡೆಯುವುದೂ ಇಲ್ಲ.
ಎದುರು ಬರುವವರು ಬರೀ ಆಕಾರ,
ಕೆಮ್ಮಿದರೆ ಗುರುತು.
ಇಷ್ಟನ್ನು ಅರಬಿಗೆ ದಾಟಿಸಲು
ನನಗಿದ್ದದ್ದು ಒಂದು ಉಸಿರು.

‘ಮಗ್ರಿಬಿನ ಮೊದಲೋ, ಆಮೇಲೋ?’
ನ್ಯಾಯಾಧೀಶರ ಪೆನ್ನು ಗಾಳಿಯಲ್ಲೇ ನಿಂತಿತು.
ಅವನನ್ನು ಮತ್ತೆ ಕೇಳಬೇಕಿತ್ತು, ನಿಯಮ ಅದು.
ಕೇಳಲಿಲ್ಲ.
‘ಮೊದಲು’ ಅಂದೆ.

ಪೆನ್ನು ಇಳಿಯಿತು. ಅವನು ಬಿಡಲಿಲ್ಲ:
‘ಅಡಿಕಿಗೆ ಹೋದ ಮಾನ ಆನಿ ಕೊಟ್ರ ಬರತೈತೇನ್ರೀ?’
ಅವನ ಲೆಕ್ಕದ ಪುಸ್ತಕದಲ್ಲಿ ಖಾನೆಗಳೇ ಇಲ್ಲ,
ಎರಡೂಕಾಲು ಕಿಲೋಗೂ ಎರಡು ಟನ್ನಿಗೂ
ಒಂದೇ ಸಾಲು.

‘ಏನಂತೆ?’
‘ಪಶ್ಚಾತ್ತಾಪವಂತೆ.’
ಆನೆಯನ್ನು ಆ ಕೋಣೆಯೊಳಗೆ ತರುವುದು
ನನ್ನ ಕೈಲಾಗಲಿಲ್ಲ.

ಜುನ್ಹಾ. ನಾಲ್ಕು ತಿಂಗಳು, ಆಮೇಲೆ ವಿಮಾನ.
ಕೋಳದ ಕೈ ಜೋಡಿಸಿ ಕೇಳಿದ:
‘ಸಾಹೇಬ್ರ, ನಾ ಅಂದಿದ್ದು ಹಂಗ ಹೇಳಿದ್ರಿಲ್ಲ?’
ಹೂಂ ಅಂದೆ.
ಆ ದಿನದ ಮೂರನೆಯದು ಅದು.

ಕಡತಗಳು ಮುಗಿಯುವಾಗ ಪಾರ್ಕಿಂಗ್ ಖಾಲಿ.
ಜೈಸ್ ಬೆಟ್ಟದ ಕಡೆ ಬೂದು,
ಕಡಲ ಮೇಲೆ ಇನ್ನೂ ಸ್ವಲ್ಪ ತಾಮ್ರ.
ಬಾಂಗು ಆಗಿರಲಿಲ್ಲ, ಆಗುವುದರಲ್ಲಿತ್ತು.
ದೀಪ ಹಾಕದೆ ಹೊರಟರೆ ಮುಖಾಲಫಾ,
ಅಷ್ಟು ಗೊತ್ತು.
ಎದುರಿಗೆ ಯಾರೋ ದಾಟುತ್ತಿದ್ದರು, ಹೆಗಲ ಮೇಲೆ ಏನೋ ಹೊತ್ತು.
ಸ್ವಿಚ್ಚಿನ ಮೇಲೆ ಬೆರಳಿಟ್ಟು
ಅವರು ಕೆಮ್ಮಲಿ ಎಂದು ಕಾದೆ.