ಕೊಸರು

ಹತ್ತೂವರೆಗೆ ಬರುತ್ತಾನೆ ನಿನಾದ ರಾವುತ.
ಐರೋಲಿಯ ಕಚೇರಿಯಲ್ಲಿ ಇರುಳಿಡೀ
ಐಸ್ ಹಾಕಿ ನೋಡುವುದಕ್ಕೇ ಅವನಿಗೆ ಸಂಬಳ:
ಯಾರು ಹೊಡೆದರು, ಯಾರು ತಡೆದರು, ಯಾರು ಬಿದ್ದರು,
ಗುಂಡಿ ಒತ್ತಿ ಒತ್ತಿ ಲೆಕ್ಕ ಇಡುವುದು.
ಕೆನಡಾದಲ್ಲಿ ದೀಪ ಆರಿಸುವ ಹೊತ್ತಿಗೆ
ಮಾಟುಂಗದಲ್ಲಿ ನಮ್ಮ ಇಡ್ಲಿ ಮುಗಿದಿರುತ್ತದೆ.

ಮೇ ತಿಂಗಳು. ಫ್ಯಾನು ಸೆಕೆಯನ್ನೇ ಕಲಸುತ್ತಿದೆ.
ಕಲ್ಲಿನ ಮೇಜಿಗೆ ನೀರು ಚೆಲ್ಲಿ
ಇದು ಮಂಜುಗಡ್ಡೆಯ ಅಂಗಳ ಎನ್ನುತ್ತಾನೆ.
ಉಪ್ಪಿನ ಡಬ್ಬಿ ಗೋಲ್‌ಕೀಪರ್. ಚಮಚಗಳು ಉಳಿದವರು.

"ನೋಡಿ ಅಣ್ಣಾ, ಬಫಲೊದವರು ಇವನನ್ನು ಕೊಟ್ಟರೆ..."
ಬಫಲೊ ಅಂದರೆ ಎಮ್ಮೆಯಲ್ಲವೋ?
"ಊರು ಅಣ್ಣಾ, ಊರು! ಇವನನ್ನು ಕೊಟ್ಟರೆ
ಎಡ್ಮಂಟನ್‌ನವರು ಇಬ್ಬರು ಎಡಗೈಯವರನ್ನು ಕೊಡಬೇಕು.
ಒಬ್ಬನಿಗೆ ಮೂವತ್ತೊಂದು, ಮಂಡಿ ಒಮ್ಮೆ ಕೊಯ್ದದ್ದು,
ಸಂಬಳ ದೊಡ್ಡದು. ಸಮ ಆಗುವುದಿಲ್ಲ.
ಅದಕ್ಕೇ ಮೇಲಿಂದ ಬರುವ ವರ್ಷದ
ಮೂರನೇ ಸುತ್ತಿನ ಆಯ್ಕೆ."
ಅದು ಯಾರು?
"ಯಾರೂ ಅಲ್ಲ, ಇನ್ನೂ ಆರಿಸಿಲ್ಲ. ಹದಿನೇಳರ ಯಾವನೋ ಹುಡುಗ."

ಕೊಸರು, ಎಂದೆ.
ಹಿಂದಿಯಲ್ಲಿ ಹೇಳಹೋಗಿ ಸೋತೆ.
ತರಕಾರಿಯವಳು ತೂಗಿ ಮುಗಿಸಿದ ಮೇಲೆ
ಚೀಲಕ್ಕೆ ಎಸೆಯುವ ಎರಡು ಹಸಿಮೆಣಸು,
ಒಂದು ಕಡ್ಡಿ ಕರಿಬೇವು;
ತಕ್ಕಡಿ ಏರದ್ದು.

ಎಂಬತ್ತಮೂರರಲ್ಲಿ ಫೋರ್ಟಿನ ಮಂಜಯ್ಯ ಶೆಟ್ಟರಿಗೆ
ಮಾಟುಂಗದ ಅಡಿಗರ ಕಾವಲಿಯ ಮೇಲೆ ಕಣ್ಣು,
ಕಾವಲಿಯ ಮುಂದೆ ನಿಂತ ಸುಬ್ರಾಯನ ಮೇಲೆ.
ಇಂಥದೇ ಮೇಜು, ಎರಡು ಲೋಟ ಕಾಫಿ, ತೀರ್ಮಾನ:
ಸುಬ್ರಾಯ ಅತ್ತ.
ಇತ್ತ ಸಪ್ಲೈಯರ್ ದೂಮಪ್ಪ,
ಮೋಟಾರು ಸಹಿತ ಒಂದು ರುಬ್ಬುವ ಕಲ್ಲು,
ಇನ್ನಷ್ಟು ಜಗ್ಗಾಡಿದಾಗ,
"ಈ ಹುಡುಗನನ್ನೂ ಇಟ್ಟುಕೊಳ್ಳಿ ಮಾರಾಯ್ರೆ."

ನಾನು ಅಲ್ಲೇ ಲೋಟ ತೊಳೆಯುತ್ತಿದ್ದೆ.
ನನ್ನ ಬಸ್ಸಿನ ಚಿಲ್ಲರೆ ಯಾರು ಕೊಡಬೇಕೆಂದು
ಧಣಿಗಳಿಗೆ ಐದು ನಿಮಿಷ ವಾದ.

"ಗೆದ್ದವರು ಯಾರು?" ನಿನಾದ ಪೆನ್ನು ತೆಗೆದ.
ಅವನಿಗೆ ನಿಜಕ್ಕೂ ಬೇಕಿತ್ತು.
ಸುಬ್ರಾಯ ಮೂರೇ ತಿಂಗಳಲ್ಲಿ ದುಬೈಗೆ ಹಾರಿದ.
ದೂಮಪ್ಪ ಭಾಂಡೂಪಿನಲ್ಲಿ ಸ್ವಂತ ಬಾರು ಇಟ್ಟ.
ಮೋಟಾರು ಮೊದಲ ಮಳೆಗೇ ಸುಟ್ಟಿತು.
ಬಿಲ್ಲಿನ ಬೆನ್ನಿಗೆ ಬರೆದ, ಕೂಡಿಸಿದ, ಕಳೆದ.
"ಮಾಟುಂಗ!" ಎಂದ ಕೊನೆಗೆ.
"ನಲವತ್ತು ವರ್ಷ ಒಬ್ಬನೇ ಆಟಗಾರ, ಗಲ್ಲಾ ಕಾಯುತ್ತ.
ವ್ಯಾಪಾರವಲ್ಲ ಅಣ್ಣಾ ಇದು, ಹಗಲುದರೋಡೆ."
ನನಗೂ ಖುಷಿಯಾಯಿತು, ಸುಳ್ಳು ಯಾಕೆ.

ಒಂದು ಹೇಳಲಿಲ್ಲ.
ಫೋರ್ಟಿನಲ್ಲಿ ರಾತ್ರಿಶಾಲೆ ಇತ್ತು. ಏಳನೇ ತರಗತಿ.
ಆ ವಾರ ಭಿನ್ನರಾಶಿ ನಡೆಯುತ್ತಿತ್ತು.
ಇಲ್ಲಿ ಹನ್ನೊಂದರ ತನಕ ಪಾತ್ರೆ.

ನಿನ್ನ ಆ ಹದಿನೇಳರವನು ಶಾಲೆಗೆ ಹೋಗ್ತಾನಾ?
ಮೊಬೈಲಿನಲ್ಲಿ ಮುಂದಿನ ವರ್ಷದ ಹುಡುಗರ ಪಟ್ಟಿ ತೆಗೆದ.
ಬೆರಳಿಂದ ಅತ್ತ ಸರಿಸಿದ, ಇತ್ತ ಸರಿಸಿದ.
ಎತ್ತರ ಇತ್ತು, ತೂಕ ಇತ್ತು, ಎಡಗೈ ಬಲಗೈ ಇತ್ತು.
"ಅದಕ್ಕೆ ಕಾಲಂ ಇಲ್ಲ ಅಣ್ಣಾ."

ಅಷ್ಟರಲ್ಲಿ ಒದ್ದೆ ಬಟ್ಟೆ ಹಿಡಿದು ಬಂದ
ನಮ್ಮ ಪಲಾಮುವಿನ ಹುಡುಗ
ಅಂಗಳ, ಎರಡು ತಂಡ, ಎಮ್ಮೆಯೂರು
ಎಲ್ಲವನ್ನೂ ಒಂದೇ ಎಳೆತಕ್ಕೆ ಒರೆಸಿದ.
ಉಪ್ಪಿನ ಡಬ್ಬಿ ಮಾತ್ರ ಕೈಯಲ್ಲಿ ಉಳಿಯಿತು.
ಎಲ್ಲಿಡಲಿ ಎಂಬಂತೆ
ನನ್ನ ಮುಖ ನೋಡಿದ.